ಅಗಸೆ ಸೊಪ್ಪಿನ ಕರೆ

ಎಲ್ಲ ತಾಪತ್ರಯಕ್ಕೂ ಮೂಲ ಅಗಸೆ ಸೊಪ್ಪು. ಅದನ್ನು ಆರಿಸಿದವನು ನಿರಂಜನನೇ ಆದ್ದರಿಂದ ಆಮೇಲೆ ಯಾರನ್ನೂ ದೂರುವ ಹಾಗಿರಲಿಲ್ಲ.

ಕೊರೋನಾ ಬಂದು ಹೊಸೂರಿನ ಕೋರ್ಟಿಗೆ ಬೀಗ ಬಿದ್ದಾಗ ಎಷ್ಟೋ ವಕೀಲರು ಮನೆಯಲ್ಲಿ ಕೂತು ಹಪ್ಪಳ ಒಣಗಿಸಿದರು. ನಿರಂಜನನ ಸೀನಿಯರ್ ಲಕ್ಷ್ಮೀಪ್ರಿಯಾ ಹಾಗೆ ಕೂರುವವರಲ್ಲ. ಹೊಡೆಯುವ ಗಂಡನ ಜೊತೆ ಹಗಲೂ ರಾತ್ರಿ ಒಂದೇ ಸೂರಿನಡಿ ಸಿಕ್ಕಿಬಿದ್ದ ಹೆಂಗಸರು ಬಾಗಿಲು ದಾಟುವಂತಿಲ್ಲ, ಫೋನಿನಲ್ಲಿ ಬಾಯಿ ಬಿಡುವಂತೆಯೂ ಇಲ್ಲ. ಅವರಿಗೆ ಏನಾದರೂ ದಾರಿ ಮಾಡಲೇಬೇಕೆಂದು ಲಕ್ಷ್ಮೀಪ್ರಿಯಾ ಪಟ್ಟು ಹಿಡಿದರು. ಕೊನೆಗೆ ಹೊಳೆದ ಉಪಾಯ ಇದು: ‘ನಿರಂಜನ ತರಕಾರಿ, ಮನೆ ಬಾಗಿಲಿಗೆ’ ಎಂದು ಊರಿನ ವಾಟ್ಸಾಪ್ ಗುಂಪುಗಳಲ್ಲಿ ಒಂದು ನಂಬರು ಹಾಕುವುದು. ಟೊಮ್ಯಾಟೊ, ಬದನೆಕಾಯಿ ಕೇಳಿದವರಿಗೆ ಖಾಲಿ ಎನ್ನುವುದು. ಯಾರೂ ಕೊಳ್ಳದ ಒಂದು ಪದಾರ್ಥವನ್ನು ಕೇಳಿದರೆ ಮಾತ್ರ ಆ ಮನೆಯಲ್ಲಿ ಹೆಂಗಸಿನ ಜೀವಕ್ಕೆ ಅಪಾಯವಿದೆಯೆಂದು ತಿಳಿದು ಪೊಲೀಸರ ಜೊತೆ ಓಡುವುದು. ಆ ಪದಾರ್ಥದ ಹೆಸರನ್ನು, ಮನೆಮನೆಗೆ ಜ್ವರ ನೋಡಲು ಹೋಗುವ ನರ್ಸುಗಳು ಹೆಂಗಸರ ಕಿವಿಯಲ್ಲಷ್ಟೇ ಹೇಳಿ ಬರುವುದು.

“ಯಾರೂ ಕೊಳ್ಳದೇ ಇರೋದು ಏನಿದೆ, ಹೇಳೋ?” ಎಂದು ಲಕ್ಷ್ಮೀಪ್ರಿಯಾ ಕೇಳಿದಾಗ ನಿರಂಜನ ಥಟ್ಟನೆ, “ಅಗಸೆ ಸೊಪ್ಪು ಮೇಡಂ, ನಮ್ಮ ಕಡೆ ಮೇಕೆಗೆ ಹಾಕ್ತಾರೆ” ಎಂದಿದ್ದ. ಅವನ ತಂದೆ ಫ್ಯಾಕ್ಟರಿ ಕೆಲಸಕ್ಕೆಂದು ಮಧುಗಿರಿ ಕಡೆಯಿಂದ ಹೊಸೂರಿಗೆ ಬಂದವರು. ಮೇಡಂ ಆ ಹೊತ್ತಿಗೆ ಇನ್ನೊಂದು ಫೋನನ್ನು ಕಿವಿಗೆ ಹಿಡಿದಿದ್ದರು. ಸುಮ್ಮನೆ ತಲೆಯಾಡಿಸಿದರು.

ಅಲ್ಲಿಂದಾಚೆಗೆ ನಿರಂಜನ ಊರಿನ ಅತಿ ಕೆಟ್ಟ ತರಕಾರಿಯವನೆಂದು ಹೆಸರಾದ. ಬೀನ್ಸ್ ಕೇಳಿದವರು ಬೈದರು, ಈರುಳ್ಳಿ ಕೇಳಿದವರು ಶಾಪ ಹಾಕಿದರು. ಅಗಸೆ ಸೊಪ್ಪನ್ನು ಮಾತ್ರ ಒಬ್ಬರೂ ಕೇಳಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ, ಅವನು ಬಾಯಲ್ಲಿ ಬ್ರಷ್ ಇಟ್ಟುಕೊಂಡಿದ್ದಾಗ, ಫೋನು ಬಂತು.

“ತರಕಾರಿಯೋರಾ?” ಪಿಸುದನಿ. ಯಾವ ವಯಸ್ಸಿನ ಹೆಂಗಸೆಂದು ಗೊತ್ತಾಗುವಂತಿರಲಿಲ್ಲ. “ಅಗಸೆ ಸೊಪ್ಪು ಬೇಕಿತ್ತು. ಬೇಗ ಬೇಕು. ಅವಲಪಲ್ಲಿ, ನೀರಿನ ಟ್ಯಾಂಕ್ ಹಿಂದೆ, ಹಸಿರು ಗೇಟು.” ಹಿಂದಿನಿಂದ ಗಂಡುದನಿಯೊಂದು, “ಯಾರ ಹತ್ರ ಮಾತು ಅದು?” ಎಂದಿತು. ಫೋನು ಕಟ್ಟಾಯಿತು.

ನಿರಂಜನ ಬಾಯಲ್ಲಿದ್ದ ಪೇಸ್ಟು ನುಂಗಿಕೊಂಡೇ ಸಬ್ ಇನ್ಸ್‌ಪೆಕ್ಟರ್ ಉಷಾರಾಣಿಗೆ ಫೋನು ಮಾಡಿದ. ಆಕೆ ತಮಿಳಿನವಳು, ಹೊಸೂರಿನಲ್ಲಿ ಇದ್ದು ಇದ್ದು ಕನ್ನಡ ಕಲಿತಿದ್ದಳು. ಈ ಏರ್ಪಾಡು ಗೊತ್ತಿದ್ದ ಪೊಲೀಸರೆಂದರೆ ಅವಳೊಬ್ಬಳೇ.

“ಸಾರ್, ಕನ್‌ಫರ್ಮಾ? ಜ್ವರ ಚೆಕಿಂಗ್ ಅಂತ ಹೇಳ್ಕೊಂಡು ಒಳಗೆ ಹೋಗೋಣ. ನೀವು ಬಾಯಿ ತೆಗೀಬೇಡಿ.”

ಉಷಾರಾಣಿ ಜ್ವರ ಅಳೆಯುವ ಗನ್ನು ಹಿಡಿದು, ಮಾಸ್ಕು ಹಾಕಿದ ನಿರಂಜನನ ಜೊತೆ ಹಸಿರು ಗೇಟಿನ ಮುಂದೆ ಜೀಪಿನಿಂದ ಇಳಿದಳೋ ಇಲ್ಲವೋ, ಬೀದಿಯ ಬಾಗಿಲುಗಳೆಲ್ಲ ಒಂದೊಂದಾಗಿ ತೆರೆದುಕೊಂಡವು. ಎದುರುಮನೆಯ ಚೆಲುವಮ್ಮನಂತೂ ಮಾಸ್ಕನ್ನು ಗಲ್ಲಕ್ಕೆ ಇಳಿಸಿಕೊಂಡು ರಸ್ತೆಗೇ ಬಂದಳು.

“ಯಾರಿಗ್ ಬಂದೈತಮ್ಮೋ? ಗಂಡಂಗಾ, ಹೆಂಡ್ರಿಗಾ? ನಂಗ್ ಮೊದ್ಲೇ ಅನುಮಾನ. ಆ ಮನೆ ಕಿಟಕೀನೇ ತೆಗ್ಯಾಕಿಲ್ಲ!”

ಗೇಟಿಗೆ ಒಳಗಿನಿಂದ ಬೀಗ. ಬಂದು ತೆಗೆದವನು ಮುರಳೀಕೃಷ್ಣ; ಬೀರುವಿನಂಥ ಆಳು, ಬೀಗದ ಕೈ ಬೆರಳಲ್ಲಿ ತಿರುಗುತ್ತಿತ್ತು. ಅವನ ಹಿಂದೆ ಹೆಂಡತಿ ಸ್ಮೃತಿ, ಸೆಕೆಯಲ್ಲೂ ತುಂಬುತೋಳಿನ ರವಿಕೆ ತೊಟ್ಟು, ನೆಲ ನೋಡುತ್ತ ನಿಂತಿದ್ದಳು. ಮೂಲೆಯ ಕುರ್ಚಿಯಲ್ಲಿ ಅವನ ತಾಯಿ ಕಾಮಾಕ್ಷಮ್ಮ.

“ಲೇಡೀಸ್‌ನ ಬೇರೆ ರೂಮಲ್ಲಿ ಚೆಕ್ ಮಾಡಬೇಕು” ಎಂದಳು ಉಷಾರಾಣಿ.

“ಇಲ್ಲೇ ಮಾಡಿ. ನನ್ನ ಮುಂದೆ ಆಗದೇ ಇರೋದು ಏನಿದೆ?” ಮುರಳೀಕೃಷ್ಣ ಹೆಂಡತಿಯ ಭುಜದ ಮೇಲೆ ಕೈಯಿಟ್ಟ. “ಈ ಮಾಸ್ಕ್ ಆಸಾಮಿ ಯಾರು? ಇವನ್ಯಾಕೆ ನಮ್ಮನೆಗೆ ಬಂದ?”

ಸ್ಮೃತಿಯ ತುಟಿ ಬಿಳಿಚಿಕೊಂಡಿತು. ಗೇಟಿನಾಚೆ ಬೀದಿಗೆ ಬೀದಿಯೇ ಕತ್ತು ನೀಳ ಮಾಡಿ ನಿಂತಿತ್ತು. ನಿರಂಜನ ಮಾಸ್ಕನ್ನು ಇನ್ನಷ್ಟು ಮೇಲಕ್ಕೆ ಎಳೆದುಕೊಂಡ.

ಆಗ ಕಾಮಾಕ್ಷಮ್ಮ ಕುರ್ಚಿಯಿಂದಲೇ ಗದರಿದರು. “ಅಯ್ಯೋ, ಇವನು ಸೊಪ್ಪಿನೋನಲ್ಲವೇನೋ! ಇವತ್ತು ದ್ವಾದಶಿ, ಪಾರಣೆಗೆ ಅಗಸೆ ಸೊಪ್ಪು ಬೇಕು ಅಂತ ನಾನೇ ಫೋನ್ ಮಾಡಿದ್ದೆ. ಏನಯ್ಯಾ, ಸೊಪ್ಪು ತಾ ಅಂದ್ರೆ ಪೊಲೀಸ್ರನ್ನ ತಂದಿದ್ದೀಯ?”

ಮುರಳೀಕೃಷ್ಣ ಹೊಟ್ಟೆ ಕುಣಿಸಿ ನಕ್ಕ. ಗೇಟಿನಾಚೆಯವರೂ ನಕ್ಕರು.

“ಹೌದು, ಸೊಪ್ಪಿನೋನೇ” ಎಂದ ನಿರಂಜನ. ಗುಟ್ಟು ಉಳಿಯಲು ಬೇರೆ ದಾರಿ ಕಾಣಲಿಲ್ಲ. “ಪಾಸ್ ಇಲ್ಲ ಅಂತ ದಾರೀಲಿ ಮೇಡಂ ಹಿಡಿದುಬಿಟ್ರು.”

“ಓಹೋ, ಆ ‘ಖಾಲಿ’ಯೋನು ನೀನೇನಾ?” ಚೆಲುವಮ್ಮ ಸೊಂಟಕ್ಕೆ ಕೈಕೊಟ್ಟಳು. “ಟೊಮ್ಯಾಟೋ ಖಾಲಿ, ಹೀರೆಕಾಯಿ ಖಾಲಿ! ಹಂಗಾರೆ ಸೊಪ್ಪಾದ್ರೂ ತಾರ್ಲಾ. ನಂಗೂ ಎರಡು ಕಟ್ಟು!” ಅವಳ ಹಿಂದೆ ಬೀದಿಯವರೆಲ್ಲ ತಮಗೊಂದು, ತಮಗೊಂದು ಎಂದು ಕೂಗಿದರು.

“ಮಧ್ಯಾಹ್ನದೊಳಗೆ ತಾ. ಮರೀಬೇಡ” ಎಂದು ಕಾಮಾಕ್ಷಮ್ಮ ಎರಡೆರಡು ಸಲ ಹೇಳಿದರು.

ಬೀದಿಯ ತಿರುವು ದಾಟಿದ ಮೇಲೆ ಉಷಾರಾಣಿ ಜೀಪು ನಿಲ್ಲಿಸಿದಳು. “ಎನ್ನ ಸಾರ್ ಇದು! ಇಂಥಾ ಟೈಮಲ್ಲಿ ಜೀಪ್ ತಗೊಂಡು ಅಗತ್ತಿಕೀರೆ, ಅದೇ ನಿಮ್ಮ ಅಗಸೆ ಸೊಪ್ಪಿನ ಕೇಸಿಗೆ ಬಂದೆ ಅಂತ ಸ್ಟೇಷನ್ನಲ್ಲಿ ಗೊತ್ತಾದ್ರೆ ನನ್ನ ಮಾನ ಏನು? ಇನ್ನೊಂದು ಸಲ ಸೊಪ್ಪು ಅಂತ ಫೋನ್ ಮಾಡಿ, ನಿಮ್ಮನ್ನೇ ಒಳಗೆ ಹಾಕ್ತೀನಿ.”

ನಿರಂಜನ ಲಕ್ಷ್ಮೀಪ್ರಿಯಾಗೆ ಫೋನು ಮಾಡಿದ. ವಿಡಿಯೋದಲ್ಲಿ ಜಾಮೀನಿನ ವಾದ ನಡೆಯುತ್ತಿತ್ತು, ಎತ್ತಲಿಲ್ಲ. ಇನ್ನು ಸೊಪ್ಪು ಕೊಡದೆ ಹೋದರೆ ಬೀದಿಯವರು ಹುಡುಕಿಕೊಂಡು ಬರುತ್ತಾರೆ, ಗುಟ್ಟು ರಟ್ಟಾಗುತ್ತದೆ. ಮನೆಗೆ ಹೋಗಿ ಸ್ಕೂಟರ್ ಹತ್ತಿ ಸೊಪ್ಪು ಹುಡುಕಲು ಹೊರಟ. ಕಟ್ಟುಪಾಡಿನ ದಿನಗಳು, ಮಾರ್ಕೆಟ್ಟು ಆಗಲೇ ಮುಚ್ಚಿತ್ತು. ಬಾಗಲೂರು ರಸ್ತೆಯಲ್ಲಿ ವೆಂಕಟಸ್ವಾಮಿ ಎಂಬುವರ ವೀಳ್ಯದೆಲೆ ತೋಟದಲ್ಲಿ, ಬಳ್ಳಿ ಹಬ್ಬಿಸಲು ನೆಟ್ಟ ಅಗಸೆ ಮರಗಳು ಕಣ್ಣಿಗೆ ಬಿದ್ದವು. ಕೈಮುಗಿದು ಬೇಡಿಕೊಂಡು, ಕೊಂಬೆ ಎಳೆದು, ಕೆಂಜಿಗ ಇರುವೆಗಳಿಂದ ಕಚ್ಚಿಸಿಕೊಂಡು, ಮೂಟೆ ಸೊಪ್ಪು ಸ್ಕೂಟರಿನ ಮುಂಭಾಗಕ್ಕೆ ಕಟ್ಟಿದ. ಅಷ್ಟರಲ್ಲಿ ಲಕ್ಷ್ಮೀಪ್ರಿಯಾ ಮೇಡಮ್ಮೇ ಫೋನು ಮಾಡಿದರು.

ನಿರಂಜನ ನಡೆದದ್ದನ್ನೆಲ್ಲ ಹೇಳಿ, “ದ್ವಾದಶಿಗೆ ಅಗಸೆ ಸೊಪ್ಪು ತಿಂತಾರೆ ಅಂತ ಗೊತ್ತಿರಲಿಲ್ಲ ಮೇಡಂ, ತಪ್ಪಾಯ್ತು” ಎಂದ.

“ಯಾವ ದ್ವಾದಶಿಯೋ? ದ್ವಾದಶಿ ಆಗಿದ್ರೆ ನಿನ್ನೆ ಏಕಾದಶಿ, ನಾನು ಉಪವಾಸ ಇರ್ತಿದ್ದೆ. ನಿನ್ನೆ ರಾತ್ರಿ ಮೂರು ಚಪಾತಿ ತಿಂದಿದ್ದೀನಿ. ಇವತ್ತು ಪಂಚಮಿ ಕಣೋ!”

ಸ್ಕೂಟರ್ ಸ್ಟ್ಯಾಂಡು ಜಾರಿತು. ನಿರಂಜನನ ಕಣ್ಣ ಮುಂದೆ ತುಂಬುತೋಳಿನ ರವಿಕೆ, ಭುಜದ ಮೇಲಿನ ಆ ಕೈ, ಎರಡೆರಡು ಸಲ ‘ಮರೀಬೇಡ’ ಎಂದ ಮುದುಕಿ ಎಲ್ಲ ಒಮ್ಮೆಗೇ ಬಂದು ನಿಂತವು. ಕರೆ ನಿಜವಾಗಿತ್ತು. ತಾನು ನಗಾಡಿಸಿಕೊಂಡು ಎದ್ದು ಬಂದಿದ್ದ. ಇಷ್ಟು ಹೊತ್ತು ಆ ಗೇಟಿಗೆ ಬೀಗ ಹಾಕಿಯೇ ಇದೆ.

ಉಷಾರಾಣಿಗೆ ಫೋನು ಮಾಡಿದ. “ಮೇಡಂ, ಆ ಅಗಸೆ ಸೊಪ್ಪು...” ಎನ್ನುವಷ್ಟರಲ್ಲಿ ಕಟ್ಟಾಯಿತು. ಮತ್ತೆ ಮಾಡಿದರೆ ಸ್ವಿಚ್ಡ್ ಆಫ್.

ಅವಲಪಲ್ಲಿಗೆ ಸ್ಕೂಟರ್ ಹಾರಿಸಿಕೊಂಡು ಹೋದ. ಹಸಿರು ಗೇಟಿನ ಮುಂದೆ ನಿಲ್ಲಿಸಿ, ಎಂಜಿನ್ ಆರಿಸದೆ, “ಸೊಪ್ಪೋ... ಅಗಸೆ ಸೊಪ್ಪೋ...” ಎಂದು ಕೂಗಿದ. ಕೋರ್ಟಿನಲ್ಲಿ ‘ಮೈ ಲಾರ್ಡ್’ ಎನ್ನಲೂ ನಡುಗುವ ಆ ಗಂಟಲು ಕರು ಕಳೆದುಕೊಂಡ ಎಮ್ಮೆಯಂತೆ ಬೀದಿಯ ತುದಿ ಮುಟ್ಟಿತು. ಚೆಲುವಮ್ಮನ ದಂಡು ಚೀಲ ಹಿಡಿದು ಓಡಿ ಬಂತು.

ಮುರಳೀಕೃಷ್ಣ ಗೇಟಿನ ಸಂದಿಯಿಂದ ನೋಡಿದ. “ಒಳಗೆ ತಂದಿಟ್ಟು ಹೋಗು.”

“ಒಳಗೆ ಬರಂಗಿಲ್ಲ ಸಾರ್. ಬೆಳಿಗ್ಗೆ ಪೊಲೀಸ್ ಮೇಡಂ ವಾರ್ನಿಂಗ್ ಕೊಟ್ಟವ್ರೆ, ವ್ಯಾಪಾರ ಎಲ್ಲ ರೋಡಲ್ಲೇ ಮಾಡ್ಬೇಕಂತೆ.”

ಹಿಂದಿನಿಂದ ಕಾಮಾಕ್ಷಮ್ಮ, “ನನಗೆ ಕಣ್ಣು ಮಂಜು, ಹುಳ ಗಿಳ ಇದ್ದರೆ ಕಾಣಲ್ಲ. ಸ್ಮೃತಿ, ಬಾ, ನೀನು ಆರಿಸಿಕೊಡು” ಎಂದು ಸೊಸೆಯ ಕೈ ಹಿಡಿದುಕೊಂಡೇ ಬಂದರು. ಮುರಳೀಕೃಷ್ಣ ಬೀಗ ತೆಗೆದ. ತೆಗೆದು ತಾನೂ ಜೊತೆಗೇ ಹೊರಗೆ ಕಾಲಿಟ್ಟ.

ಕೆಟ್ಟಿತು ಎಂದುಕೊಂಡ ನಿರಂಜನ. ಆದರೆ ಚೆಲುವಮ್ಮ ಇದ್ದಳಲ್ಲ!

“ಏಯ್, ಅಲ್ಲೇ ನಿಂತ್ಕೊಳಪ್ಪಾ!” ಎಂದು ಅವಳು ಚೀಲವನ್ನೇ ಅಡ್ಡ ಹಿಡಿದಳು. “ಬೆಳಿಗ್ಗೆ ಪೊಲೀಸ್ನೋರು ನಿಂಗ್ ಜ್ವರ ನೋಡ್ಕಂಡ್ ಹೋಗವ್ರೆ. ಕೊರೋನಾ ಹಚ್ಚಾಕ್ ಬತ್ತೀಯಾ? ಹಿಂದಕ್ ಹೋಗು!”

“ನನಗೇನೂ ಇಲ್ಲ ಕಣ್ರೀ!” ಎನ್ನುತ್ತ ಅವನು ಮುಂದೆ ಬಂದ. ಆ ಸಿಟ್ಟಿನಲ್ಲೇ ಅವನಿಗೆ ಕೆಮ್ಮು ಬಂತು. ಅಷ್ಟು ಸಾಕಾಯಿತು. ಇಡೀ ಬೀದಿ ಹೋ ಎಂದು ಅವನನ್ನು ಗೇಟಿನೊಳಕ್ಕೆ ಅಟ್ಟಿತು. ಯಾರೋ ಹೊರಗಿನಿಂದ ಚಿಲಕವನ್ನೂ ಎಳೆದರು.

ಸ್ಮೃತಿ ಸೊಪ್ಪಿನ ಮೂಟೆಯ ಮೇಲೆ ಬಾಗಿದ್ದಳು. ಒಂದೇ ಎಲೆಯನ್ನು ಮತ್ತೆ ಮತ್ತೆ ತಿರುಗಿಸಿ ನೋಡುತ್ತಿದ್ದಳು.

“ಲಕ್ಷ್ಮೀಪ್ರಿಯಾ ಮೇಡಂ ಕಡೆಯವನು. ಸ್ಕೂಟರ್ ಹತ್ತಿ” ಎಂದು ನಿರಂಜನ ಪಿಸುಗುಟ್ಟಿದ.

ಅವಳು ಅತ್ತೆಯ ಮುಖ ನೋಡಿದಳು. “ಹತ್ತು ತಾಯಿ” ಎಂದರು ಕಾಮಾಕ್ಷಮ್ಮ. ಸ್ಮೃತಿ ಹತ್ತಿದಳು. ನಿರಂಜನ ಇನ್ನೇನು ಹೊರಡಬೇಕು, ಸ್ಕೂಟರಿನ ಹಿಂಭಾಗ ದಬಕ್ಕನೆ ಕುಸಿಯಿತು. ಕಾಮಾಕ್ಷಮ್ಮ ಸೀರೆ ಎತ್ತಿ ಕಟ್ಟಿ ಸೊಸೆಯ ಹಿಂದೆ ಕೂತಿದ್ದರು.

“ನೀವೂನಾ?”

“ಇವಳು ಹೋದಮೇಲೆ ಅವನ ಕೈಗೆ ಸಿಗೋದು ಯಾರು? ಹೊರಡು!”

ಮೂವರನ್ನು ಹೊತ್ತ ಸ್ಕೂಟರ್ ಗಬ್ಬದ ಹಸುವಿನಂತೆ ಓಲಾಡುತ್ತ, ದಾರಿಯುದ್ದಕ್ಕೂ ಸೊಪ್ಪು ಚೆಲ್ಲುತ್ತ ಓಡಿತು. ಹಿಂದಿನಿಂದ ಚೆಲುವಮ್ಮನ ಕೂಗು ಕೇಳಿಸಿತು: “ಅಯ್ಯಯ್ಯೋ, ಸೊಪ್ಪಿನೋನು ಅತ್ತೆ ಸೊಸೆ ಇಬ್ರುನ್ನೂ ಹೊತ್ಕಂಡ್ ಹೋಗ್ಬುಟ್ಟ!”

ಠಾಣೆಯಲ್ಲಿ ಉಷಾರಾಣಿ ಸೊಪ್ಪು ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಲಾಠಿ ಎತ್ತಿದವಳು, ಸ್ಮೃತಿ ರವಿಕೆಯ ತೋಳು ಮೇಲೆ ಸರಿಸಿ ಬಾಸುಂಡೆ ತೋರಿಸಿದಾಗ ಅದನ್ನು ಮೇಜಿನ ಮೇಲಿಟ್ಟಳು. ಒಂದು ಲೋಟ ನೀರು ತಂದು ಅವಳ ಕೈಗೆ ಕೊಟ್ಟಳು.

“ಬೆಳಿಗ್ಗೆ ಯಾಕೆ ಹೇಳ್ಲಿಲ್ಲ ಅಮ್ಮಾ?” ಎಂದು ಕಾಮಾಕ್ಷಮ್ಮನನ್ನು ಕೇಳಿದಳು.

“ಹೇಗೆ ಹೇಳಲಿ? ಅವನ ಕೈ ಇವಳ ಭುಜದ ಮೇಲಿತ್ತು. ನೀವು ನಾಲ್ಕು ಮಾತು ಬೈದು ಹೋಗಿಬಿಟ್ಟರೆ, ಬಾಗಿಲು ಹಾಕಿಕೊಂಡಮೇಲೆ ಇವಳ ಗತಿ? ಹೆತ್ತವಳು ನಾನೇ. ಅವನು ಎಂಥವನು ಅಂತ ನನಗೆ ಗೊತ್ತಿಲ್ಲವಾ?” ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡರು. “ಫೋನ್ ಮಾಡಿದ್ದೂ ನಾನೇ.”

ಹೇಳಿಕೆ ಬರೆಸಿಕೊಂಡು ಮುಗಿಯುವ ಹೊತ್ತಿಗೆ ಮುರಳೀಕೃಷ್ಣ ಬೈಕಿನಲ್ಲಿ ಬಂದು ಠಾಣೆಯ ಮೆಟ್ಟಿಲಲ್ಲೇ ಅಬ್ಬರಿಸಿದ. ಕೇಸು ದಾಖಲಾಯಿತು, ಅವನನ್ನು ಬೆಂಚಿನ ಮೇಲೆ ಕೂರಿಸಿದರು. ಎದುರು ಬೆಂಚಿನಲ್ಲಿ ಕೂತ ನಿರಂಜನನನ್ನು ಅವನು ದಿಟ್ಟಿಸಿದ. ನಿರಂಜನ ಈಗ ಧೈರ್ಯವಾಗಿ ಮಾಸ್ಕು ಇಳಿಸಿ, ತಾನು ವಕೀಲನೆಂದು ಗಟ್ಟಿಯಾಗಿ ಹೇಳಿಕೊಂಡ. ಪೊಲೀಸರ ನಡುವೆ ಏನು ಭಯ? ಲಕ್ಷ್ಮೀಪ್ರಿಯಾ ಫೋನಿನಲ್ಲಿ, “ಶಭಾಷ್ ಕಣೋ” ಎಂದರು. ಅವರ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲು.

ಆ ಖುಷಿಯಲ್ಲಿ ಅವನು ಮನೆಗೆ ಹೊರಡಲು ಎದ್ದಾಗ ಬಾಗಿಲಿಗೆ ಬಿಳಿ ವ್ಯಾನೊಂದು ಬಂದು ನಿಂತಿತು. ತಲೆಯಿಂದ ಕಾಲಿನವರೆಗೆ ನೀಲಿ ಅಂಗಿ ತೊಟ್ಟ ಆರೋಗ್ಯ ಇಲಾಖೆಯವನು ಇಳಿದು, ಠಾಣೆಯ ರೈಟರಿಗೆ ಕೊರೋನಾ ಇದೆಯೆಂದು ಈಗಷ್ಟೇ ರಿಪೋರ್ಟು ಬಂದಿದೆ, ಒಳಗಿರುವವರು ಒಬ್ಬರೂ ಕದಲಬಾರದು ಎಂದ. ಅಷ್ಟು ಹೊತ್ತೂ ಹೇಳಿಕೆ ಬರೆದುಕೊಂಡವನು ಆ ರೈಟರೇ.

ಎಲ್ಲರನ್ನೂ ಊರಾಚೆಯ ಒಂದು ಹಾಸ್ಟೆಲಿಗೆ ಒಯ್ದರು. ಹೆಂಗಸರಿಗೆ ಮೇಲಿನ ಮಹಡಿ, ಉಷಾರಾಣಿಯೂ ಅವರ ಜೊತೆಗೇ. ಪೊಲೀಸ್ ಗಂಡಸರಿಗೆ ಹಿಂದಿನ ಕಟ್ಟಡ. ನೀಲಿ ಅಂಗಿಯವನು ಉಳಿದ ಗಂಡಸರನ್ನು ಎಣಿಸಿದ. ಉಳಿದದ್ದು ಇಬ್ಬರು, ರೂಮು ಒಂದು.

“ಸಾರ್, ಇದಾಗಲ್ಲ!” ನಿರಂಜನ ಬಡಬಡಿಸಿದ. “ನಾನು ಆ ಹೆಂಗಸಿನ ಲಾಯರ್ರು, ಇವರು ಎದುರು ಪಾರ್ಟಿ!”

“ಕೊರೋನಾಗೆ ಆ ಪಾರ್ಟಿ ಈ ಪಾರ್ಟಿ ಎಲ್ಲ ಇಲ್ಲ ಸಾರ್. ಪೋಂಗ, ಪೋಂಗ” ಎಂದು ಅವನು ಬೆನ್ನಿಗೆ ಕೈ ತಾಗಿಸದೆ, ಗಾಳಿಯಲ್ಲೇ ಒಳಕ್ಕೆ ತಳ್ಳಿದ. ಹೊರಗಿನಿಂದ ಚಿಲಕ ಬಿತ್ತು.

ಮೇಲಿನ ಮಹಡಿಯಲ್ಲಿ ಕಾಮಾಕ್ಷಮ್ಮ ಏನೋ ಹೇಳಿದರು. ಸ್ಮೃತಿ ನಕ್ಕದ್ದು ಕೇಳಿಸಿತು. ಕೆಳಗಿನ ರೂಮಿನಲ್ಲಿ ಎರಡೇ ಮಂಚ, ಅವುಗಳ ನಡುವೆ ಒಂದು ಮೊಳ ಜಾಗ. ಮುರಳೀಕೃಷ್ಣ ಸಾವಕಾಶವಾಗಿ ಹಾಸಿಗೆ ಕೊಡವಿ ಹಾಸಿ, ಷರ್ಟಿನ ತೋಳು ಮಡಿಸಿಕೊಂಡು ಕೂತ. ಪಕ್ಕದ ಮಂಚವನ್ನು ಅಂಗೈಯಿಂದ ತಟ್ಟಿದ.

“ಬನ್ನಿ ಲಾಯರ್ ಸಾಹೇಬ್ರೇ, ಕೂತ್ಕೊಳ್ಳಿ. ಹದಿನಾಲ್ಕು ದಿನ ಇದೆಯಲ್ಲ, ನಿಧಾನವಾಗಿ ಮಾತಾಡೋಣ.”