ಉಪವಾಸ ಕೂತ ಹಾವು

ಬೇರೆಯವರ ಮನೆಗೆ ನೆಂಟರು ಬರುತ್ತಾರೆ, ನನ್ನ ಮನೆಗೆ ಇಂಥವೇ ಬರುತ್ತವೆ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟೆ. ಲಾರಿ ಕ್ಲೀನರ್ ಆದೆ, ಶಾಮಿಯಾನ ಕಟ್ಟಿದೆ, ಟೈಲ್ಸ್ ಉಜ್ಜಿದೆ. ಈಗ ಶಿವಮೊಗ್ಗದಲ್ಲಿ ಮನೆಮನೆಯ ನೀರಿನ ಟ್ಯಾಂಕ್ ತೊಳೆಯುತ್ತೇನೆ. ಇಲ್ಲಿಗೆ ಬರುವವರೆಗೆ ಒಂದೂರಲ್ಲಿ ನೆಟ್ಟಗೆ ಒಂದು ವರ್ಷ ನಿಂತವನಲ್ಲ, ಹೆಂಡತಿ ಮಕ್ಕಳು ಅಂತ ಯಾರೂ ಇಲ್ಲ. ಇಂಥವನಿಗೆ ಹೋದ ವರ್ಷ ಒಂದು ಹಾವು ಗಂಟುಬಿತ್ತು.

ಪಕ್ಕದ ಸೀಟು

ಭದ್ರಾವತಿ ನ್ಯೂಟೌನಿನಲ್ಲಿ ನನ್ನ ಲಾರಿ ಕಾಲದ ಗೆಳೆಯನೊಬ್ಬ ಇದ್ದಾನೆ. ಒಂದು ಬಾಲ್ ಪೈಥಾನ್ ಸಾಕಿದ್ದ. ಹೆಬ್ಬಾವೇ, ಆದರೆ ನಮ್ಮ ಕಾಡಿನದಲ್ಲ, ಆಫ್ರಿಕಾದ ಸಣ್ಣ ಜಾತಿ. ವಿಷ ಇಲ್ಲ, ಸಾಕುವುದಕ್ಕೆ ಸರ್ಕಾರದ ಕಾಗದ ಇದೆ. ಹೆದರಿದರೆ ಚೆಂಡಿನ ಹಾಗೆ ಸುತ್ತಿಕೊಂಡು ತಲೆ ಒಳಗೆ ಬಚ್ಚಿಡುತ್ತದೆ, ಅಷ್ಟೇ ಅದರ ಪೌರುಷ. ಗೆಳೆಯನ ಮನೆಗೆ ಮಗು ಬಂತು, ಹಾವು ಹೊರಡಬೇಕಾಯಿತು.

“ಎರಡು ತಿಂಗಳು ಇಟ್ಕೋ. ಹೊಸ ಜಾಗದಲ್ಲಿ ಇದು ಸುಲಭಕ್ಕೆ ತಿನ್ನಲ್ಲ. ನಿನ್ನ ಹತ್ರ ತಿಂದ್ರೆ ನಿಂದೇ, ಕಾಗದ ನಿನ್ನ ಹೆಸರಿಗೆ ಮಾಡಿಸ್ತೀನಿ. ತಿನ್ನಲಿಲ್ವಾ, ಹುಬ್ಬಳ್ಳಿಯವನೊಬ್ಬ ಕೇಳ್ತಿದ್ದಾನೆ, ಅವನಿಗೆ ಕೊಟ್ಬಿಡ್ತೀನಿ” ಅಂದ.

ನಲವತ್ತು ದಾಟಿದರೂ ನನ್ನದು ಅಂತ ಹೇಳಿಕೊಳ್ಳಲು ನನ್ನ ಹತ್ತಿರ ಉಸಿರಾಡುವ ವಸ್ತು ಯಾವುದೂ ಇರಲಿಲ್ಲ. ಹೂಂ ಅಂದೆ.

ಬಟ್ಟೆ ಚೀಲಕ್ಕೆ ಹಾಕಿ, ಚೀಲವನ್ನು ಮುಚ್ಚಳದ ಬುಟ್ಟಿಯೊಳಗಿಟ್ಟು ಬಸ್ ಹತ್ತಿದೆ. ಪಕ್ಕದವರು ಬುಟ್ಟಿಯಲ್ಲಿ ಏನು ಅಂತ ಕೇಳಿದರು. ಹಾವು ಅಂದೆ. ಒಳ್ಳೇ ತಮಾಷೆ ಮಾರಾಯ್ರೆ ಅಂತ ನಕ್ಕು, ಬುಟ್ಟಿಯ ಮೇಲೆ ಮೊಣಕೈ ಊರಿದರು. ಒಳಗೆ ಅದು ಮಗ್ಗಲು ಬದಲಿಸಿತು. ಶಿವಮೊಗ್ಗದವರೆಗೂ ಅವರು ಬಾಗಿಲ ಹತ್ತಿರ ನಿಂತೇ ಬಂದರು. ನನ್ನ ಪಕ್ಕ ಯಾರೂ ಕೂರದೆ ಇರುವುದು ಹೊಸದೇನಲ್ಲ. ಅವತ್ತು ಅದಕ್ಕೊಂದು ಕಾರಣ ಇತ್ತು, ಅಷ್ಟೇ.

ಮೊದಲ ಪ್ರಶ್ನೆ

ಶಿವಮೊಗ್ಗದ ಗೋಪಾಳದಲ್ಲಿ ನಾನಿರುವುದು ಮಹಡಿ ಮೇಲಿನ ಒಂದೇ ಕೋಣೆ. ಕೆಳಗೆ ಮನೆಯ ಯಜಮಾನರು, ರಿಟೈರ್ ಆದ ಹೈಸ್ಕೂಲ್ ಮೇಷ್ಟ್ರು, ಮತ್ತು ಅವರ ಹೆಂಡತಿ. ದಿನಾ ಹಣೆ ತುಂಬ ವಿಭೂತಿ, ಲಿಂಗಪೂಜೆ ಆಗದೆ ನೀರೂ ಮುಟ್ಟದ ಜನ. ಬಾಡಿಗೆಗೆ ಕೊಡುವಾಗ ನನ್ನ ಊರು ಕೇಳಿರಲಿಲ್ಲ, ಕೆಲಸ ಕೇಳಿರಲಿಲ್ಲ. ಮೊಟ್ಟೆ ತಿಂತೀಯಾ ಅಂತ ಮೂರು ಸಲ ಕೇಳಿದ್ದರು.

ಹಾವಿನ ವಿಷಯ ಮುಚ್ಚಿಡುವುದು ಬೇಡ ಅಂತ ಹೋಗಿ ಹೇಳಿಬಿಟ್ಟೆ, ಕಾಗದವನ್ನೂ ತೋರಿಸಿದೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಕಚ್ಚುತ್ತಾ ಅಂತ ಕೇಳುತ್ತಾರೆ ಅಂದುಕೊಂಡಿದ್ದೆ.

“ಏನು ತಿನ್ನುತ್ತೆ?”

“ಸದ್ಯಕ್ಕೆ ಏನೂ ತಿಂತಿಲ್ಲ ಸರ್.”

“ಹಾಗಾದ್ರೆ ಇರಲಿ” ಅಂದರು.

ಹಾಲಿನ ಬಟ್ಟಲು

ಮೇಷ್ಟ್ರ ಹೆಂಡತಿಯನ್ನು ನಾನು ಅಮ್ಮ ಅನ್ನುತ್ತೇನೆ. ಅಮ್ಮನಿಗೆ ಮಾತ್ರ ಸಂಭ್ರಮ. ಪ್ರತಿ ವರ್ಷ ಪಂಚಮಿಗೆ ಹುತ್ತ ಹುಡುಕಿಕೊಂಡು ಬಿಸಿಲಲ್ಲಿ ಹೋಗುತ್ತಿದ್ದರಂತೆ, ಈಗ ಮಹಡಿ ಮೇಲೇ ಬಂದಿದೆಯಲ್ಲ ಅಂತ ಓಣಿಗೆಲ್ಲ ಹೇಳಿಕೊಂಡು ಬಂದರು. ಸಂಜೆ ಒಂದು ಬಟ್ಟಲು ಹಾಲು ತಂದು ಬಾಗಿಲಲ್ಲಿಟ್ಟರು. ಹಾವು ಹಾಲು ಕುಡಿಯುವುದಿಲ್ಲ ಅಂದೆ. ನೀನು ಇಟ್ಟು ನೋಡು, ಕುಡಿಯೋದು ಬಿಡೋದು ಅದಕ್ಕೆ ಬಿಟ್ಟದ್ದು ಅಂದರು.

ಹಾವು ಗಾಜಿನ ಪೆಟ್ಟಿಗೆಯೊಳಗೆ, ನಾನು ಬೋರಲು ಹಾಕಿದ್ದ ಒಡಕು ಮಡಕೆಯ ಕೆಳಗೆ ಸೇರಿಕೊಂಡು ಹೊರಗೇ ಬರಲಿಲ್ಲ. ಹಾಲು ಚೆಲ್ಲಲು ಮನಸ್ಸಾಗದೆ ನಾನೇ ಕುಡಿದೆ. ಬೆಳಿಗ್ಗೆ ಖಾಲಿ ಬಟ್ಟಲು ನೋಡಿ ಅಮ್ಮನ ಕಣ್ಣಲ್ಲಿ ನೀರು. ನಿಜ ಹೇಳಲು ಬಾಯಿ ಬರಲಿಲ್ಲ. ಮರುದಿನದಿಂದ ಹಾಲಿಗೆ ಕೇಸರಿ ಬಿತ್ತು, ನಾಲ್ಕನೇ ದಿನ ಬಾದಾಮಿ. ಒಂದು ತಿಂಗಳಲ್ಲಿ ಹಾವು ಸೊರಗಿತು, ನನ್ನ ಪ್ಯಾಂಟಿನ ಗುಂಡಿ ಕೂಡದಾಯಿತು.

ಟಿಫಿನ್ ಡಬ್ಬಿ

ಅದಕ್ಕೆ ಬೇಕಾದದ್ದು ಇಲಿ. ಫ್ರೀಜರಿನಲ್ಲಿಟ್ಟ ಸತ್ತ ಇಲಿಯನ್ನು ಬಿಸಿನೀರಲ್ಲಿ ಅದ್ದಿ, ಚಿಮುಟದಲ್ಲಿ ಹಿಡಿದು ಮುಂದೆ ಆಡಿಸಬೇಕು. ನನ್ನ ಕೋಣೆಯಲ್ಲಿ ಫ್ರಿಜ್ ಇಲ್ಲ. ಗೆಳೆಯನ ಮನೆಯಿಂದ ಹಾವು ಹೋದರೂ ಅದರ ಊಟ ಅಲ್ಲೇ ಫ್ರೀಜರಿನಲ್ಲಿ ಉಳಿದಿತ್ತು. ವಾರಕ್ಕೊಮ್ಮೆ ಭದ್ರಾವತಿಗೆ ಹೋಗಿ, ಟಿಫಿನ್ ಡಬ್ಬಿಯಲ್ಲಿ ಐಸ್ ತುಂಬಿ ಒಂದು ಇಲಿ ತರುತ್ತಿದ್ದೆ.

ಕಂಡಕ್ಟರಿಗೆ ನನ್ನ ಮುಖ ಗುರುತಾಯಿತು. ಡಬ್ಬಿ ನೋಡಿ, ಮನೆಯವರಿಗೆ ಊಟಾನಾ ಅಂತ ಕೇಳಿದ. ಹೌದು, ಕಾಯ್ತಿರ್ತಾರೆ ಅಂದೆ. ಮನೆಯಲ್ಲಿ ಯಾರೋ ಕಾಯುತ್ತಾರೆ ಅಂತ ನಾನು ಬಾಯಿಬಿಟ್ಟು ಹೇಳಿದ್ದು ಜೀವಮಾನದಲ್ಲಿ ಅದೇ ಮೊದಲು. ಪುಣ್ಯವಂತರು ಬಿಡಿ, ನಮ್ಮ ಮನೇಲಿ ನಾನು ಹೋಗೋದರೊಳಗೆ ಎಲ್ಲರೂ ತಿಂದು ಮಲಗಿರ್ತಾರೆ ಅಂದ. ನಮ್ಮ ಮನೆಯವರು ತಿನ್ನುವುದೇ ಇಲ್ಲ ಅಂತ ಅವನಿಗೆ ಹೇಳಲಿಲ್ಲ. ಏಳು ವಾರ ಏಳು ಇಲಿ ತಂದೆ, ಏಳಕ್ಕೂ ಅದು ಮುಖ ತಿರುಗಿಸಿತು.

ಮೆಟ್ಟಿಲ ಮೇಲೆ

ಎರಡು ತಿಂಗಳು ಮುಗಿಯಲು ನಾಲ್ಕು ದಿನ ಇತ್ತು. ಗುರುವಾರ ಸಂಜೆ ಎಂಟನೇ ಇಲಿ ಹಿಡಿದುಕೊಂಡು ಗೆಳೆಯನಿಗೆ ಫೋನ್ ಮಾಡಿದೆ. ಸಂಜೆ ಹೊತ್ತು ನೀನೇನು ಮಾಡ್ತಿರ್ತೀಯ ಅಂತ ಕೇಳಿದ. ಪೆಟ್ಟಿಗೆ ಎದುರು ಕೂತು ಮಾತಾಡ್ತೀನಿ ಅಂದೆ. ಯಾವ ಟ್ಯಾಂಕಿನಲ್ಲಿ ಏನು ಸಿಕ್ಕಿತು, ಯಾರು ಬೈದರು, ಎಲ್ಲ ಹೇಳುತ್ತೇನೆ.

ಅವನು ನಕ್ಕುಬಿಟ್ಟ. “ಲೋ, ಅದಕ್ಕೆ ನಿನ್ನ ಕಂಡ್ರೆ ಹೆದರಿಕೆ ಕಣೋ. ಇಲಿ ಒಳಗಿಟ್ಟು ನೀನು ಹೊರಗೆ ಹೋಗು.”

ಜೊತೆಗಿರಲಿ ಅಂತ ತಂದುಕೊಂಡದ್ದು ನಾನು. ನಾನಿಲ್ಲದಿದ್ದರೆ ಮಾತ್ರ ಅದಕ್ಕೆ ಊಟ ಸೇರುವುದಂತೆ. ಇಲಿ ಇಟ್ಟು, ಲೈಟ್ ಆರಿಸಿ, ಬಾಗಿಲು ಮುಚ್ಚಿ ಮೆಟ್ಟಿಲ ಮೇಲೆ ಕೂತೆ.

ಹಾಲು ಹಿಡಿದು ಬಂದ ಅಮ್ಮ ಯಾಕೆ ಹೊರಗೆ ಕೂತಿದ್ದೀಯ ಅಂತ ಕೇಳಿದರು. ಇನ್ನು ಮುಚ್ಚಿಟ್ಟು ಏನು, ಎಲ್ಲ ಹೇಳಿದೆ. ಹಾಲು ಕುಡಿದದ್ದು ನಾನು, ಅದು ಬಂದಾಗಿನಿಂದ ಏನೂ ತಿಂದಿಲ್ಲ, ಒಳಗೆ ಇಲಿ ಇಟ್ಟಿದ್ದೇನೆ, ಇವತ್ತೂ ತಿನ್ನದಿದ್ದರೆ ಹುಬ್ಬಳ್ಳಿಗೆ ಹೋಗುತ್ತದೆ. ಕೋಣೆ ಖಾಲಿ ಮಾಡು ಅನ್ನುತ್ತಾರೆ ಅಂತ ಕಾದೆ.

“ಅಯ್ಯೋ, ಎರಡು ತಿಂಗಳಿಂದ ಉಪವಾಸಾನಾ?” ಅಂದರು.

ಕೆಳಗೆ ಹೋದರು, ಟೀವಿ ಸದ್ದು ನಿಂತಿತು. ಮೇಷ್ಟ್ರು ಟಾರ್ಚ್ ಹಿಡಿದು ಮೇಲೆ ಬಂದರು.

“ಇಲೀನ ಕೋಣೇಲಿ ಬೇಯಿಸಿದೆಯಾ?”

“ಇಲ್ಲ ಸರ್, ಬಿಸಿನೀರಲ್ಲಿ ಅದ್ದಿದ್ದು.”

“ಹಾಗಾದ್ರೆ ಅದು ಅಡುಗೆ ಅಲ್ಲ” ಅಂತ ಹೆಂಡತಿಗೆ ಹೇಳಿ, ನನಗಿಂತ ಒಂದು ಮೆಟ್ಟಿಲು ಕೆಳಗೆ ಕೂತರು. ಅಮ್ಮ ಅವರ ಪಕ್ಕ ಕೂತು ಕಣ್ಣು ಮುಚ್ಚಿದರು. ಏಳು ತಲೆಮಾರಿನಿಂದ ಮೊಟ್ಟೆ ಮುಟ್ಟದ ಮನೆಯ ಹೆಂಗಸು ಪಿಸುಮಾತಿನಲ್ಲಿ ಬೇಡಿಕೊಂಡದ್ದು ನನಗೆ ಸ್ಪಷ್ಟ ಕೇಳಿಸಿತು. “ಶಿವನೇ, ಆ ಒಂದು ಇಲಿ ಅದರ ಹೊಟ್ಟೆಗೆ ಸೇರಿಸಪ್ಪಾ.”

ಮುಕ್ಕಾಲು ಗಂಟೆ ಮೂವರೂ ಕೆಮ್ಮಲಿಲ್ಲ. ಆಮೇಲೆ ಬಾಗಿಲು ಒಂದು ಬೆರಳಷ್ಟು ತೆಗೆದೆ, ಮೇಷ್ಟ್ರು ಟಾರ್ಚ್ ಬಿಟ್ಟರು. ಹಾವಿನ ಬಾಯಿಂದ ಇಲಿಯ ಬಾಲ ಮಾತ್ರ ಹೊರಗಿತ್ತು, ನೋಡುತ್ತಿದ್ದಂತೆ ಅದೂ ಒಳಗೆ ಹೋಯಿತು. ಮೇಷ್ಟ್ರು ನನ್ನ ಬೆನ್ನು ತಟ್ಟಿದರು.

ಗೆಳೆಯನಿಗೆ ಫೋನ್ ಮಾಡಿದರೆ, ಕಾಗದಕ್ಕೆ ಖಾಯಂ ವಿಳಾಸ ಬೇಕು, ಹೇಳು ಅಂದ. ಖಾಯಂ ವಿಳಾಸಾನಾ ಅಂದೆ. ಮೇಷ್ಟ್ರು ಫೋನ್ ಕಿತ್ತುಕೊಂಡು, ಡಿಕ್ಟೇಶನ್ ಕೊಡುವ ಹಾಗೆ ತಮ್ಮ ಮನೆ ನಂಬರಿನಿಂದ ಪಿನ್‌ಕೋಡಿನವರೆಗೆ ಎರಡೆರಡು ಸಲ ಹೇಳಿ ಬರೆಸಿದರು.

ಅಷ್ಟರಲ್ಲಿ ಕೆಳಗಿನಿಂದ ತುಪ್ಪದ ವಾಸನೆ ಬಂತು. ಆ ಮನೆಯಲ್ಲಿ ಮೊಟ್ಟಮೊದಲ ಸಲ ಒಂದು ಜೀವ ಮಾಂಸ ತಿಂದದ್ದಕ್ಕೆ ಅಮ್ಮ ಶಾವಿಗೆ ಪಾಯಸ ಮಾಡಿದ್ದರು. ಲೋಟ ನನ್ನ ಕೈಗಿಡುತ್ತಾ, ಮತ್ತೆ ಯಾವಾಗ ತಿನ್ನುತ್ತೆ ಅಂತ ಕೇಳಿದರು. ಹತ್ತು ದಿನಕ್ಕೆ ಅಂದೆ. ಬೆರಳು ಮಡಚಿ ಲೆಕ್ಕ ಹಾಕಿದರು.

“ಭಾನುವಾರ ಬರುತ್ತೆ, ಪರವಾಗಿಲ್ಲ. ಆದ್ರೆ ಒಂದು ದಿನ ತಡ ಮಾಡಬೇಡ ಅಂತ ಅದಕ್ಕೆ ಹೇಳಿರು ಮಾರಾಯ. ಸೋಮವಾರ ನಮ್ಮ ಮನೇಲಿ ಈರುಳ್ಳಿ ಕೂಡ ತಿನ್ನಲ್ಲ.”