ನೀಲಿ ಗೆರೆಯ ಕುರಿಗಳು

ಕಲಿತು ಕಲಿಸುವ ಮಾಸ್ತರರು ಬೇರೆ, ಕಲಿಸುತ್ತಲೇ ಕಲಿಯುವ ನನ್ನಂಥವರು ಬೇರೆ. ನಾನು ಓದಿದ್ದೆಲ್ಲ ಉರ್ದುವಿನಲ್ಲಿ. ಪೊಲೀಸ್ ಆ್ಯಕ್ಷನ್ ಆಗಿ ನಿಜಾಮರ ಆಳ್ವಿಕೆ ಮುಗಿದ ಮೇಲೆ ಭಾಲ್ಕಿಯ ನಮ್ಮ ಸಾಲೆಗೆ ಕನ್ನಡ ಬಂತು. ಹುಡುಗರಿಗಿಂತ ಒಂದು ಪಾಠ ಮುಂದಿದ್ದರೆ ಸಾಕೆಂದು ನಾನೂ ಕನ್ನಡ ಮಾಸ್ತರನಾದೆ. ಗಾಡಿ ಹೇಗೋ ಓಡುತ್ತಿತ್ತು. ಒಂದು ಶನಿವಾರ ಪಾಠದಲ್ಲಿ ‘ಚಿಹ್ನೆ’ ಎಂಬ ಪದ ಎದುರಾಯಿತು. ಧಾರವಾಡದ ಕಡೆಯಿಂದ ಬಂದಿದ್ದ ಹೆಡ್‌ಮಾಸ್ತರರು ಅದೇ ಹೊತ್ತಿಗೆ ಬಾಗಿಲಲ್ಲಿ ನಿಂತಿದ್ದರು. ನಾನು “ನಿಶಾನಿ” ಎಂದೆ. “ಅದು ಉರ್ದು ಆತಲ್ರಿ ಮಾಸ್ತರ. ಒಂದು ಉದಾಹರಣೆ ಕೊಟ್ಟು ಬಿಡಿಸಿ ಹೇಳ್ರಿ” ಎಂದರು.

ಉದಾಹರಣೆ ಕೇಳಿದರೆ ಜಾಣರಿಗೆ ಬಾವುಟ ನೆನಪಾಗುತ್ತದೆ. ನನಗೆ ನೆನಪಾದದ್ದು ಕುರಿ. ನಮ್ಮೂರು ಔರಾದ ತಾಲ್ಲೂಕಿನ ಎಕಂಬಾ. ಅಲ್ಲಿ ನಮ್ಮ ಕುರಿಗಳ ಬೆನ್ನಿಗೆ ಕೆಮ್ಮಣ್ಣಿನ ಬೊಟ್ಟು, ನೆರೆಮನೆಯ ಮೆಹಬೂಬ್ ಮಾಮಾರ ಕುರಿಗಳಿಗೆ ನೀಲಿ ಗೆರೆ. ಎರಡು ಹಿಂಡೂ ಒಟ್ಟಿಗೇ ಮೇಯುತ್ತಿದ್ದವು. ಮಾಮಾರ ಮಗ ಗಫೂರನೂ ನಾನೂ ಒಟ್ಟಿಗೇ ಬೆಳೆದೆವು. ರಜಾಕಾರರ ಹಾವಳಿಗೆ ಹೆದರಿ ನಾವು ಊರು ಬಿಟ್ಟಾಗ, ಯಾರೂ ಮುಟ್ಟದಿರಲೆಂದು ಮಾಮಾ ನಮ್ಮ ಕುರಿಗಳಿಗೂ ನೀಲಿ ಗೆರೆ ಎಳೆದು ಕಾಯ್ದರು. ಪೊಲೀಸ್ ಆ್ಯಕ್ಷನ್ ಆಗಿ ನಾವು ಮರಳಿದ ಮೇಲೆ ಹೆದರುವ ಸರದಿ ಅವರದಾಯಿತು. ಆಗ ನಮ್ಮಪ್ಪ ಅವರ ಕುರಿಗಳಿಗೆ ಕೆಮ್ಮಣ್ಣಿನ ಬೊಟ್ಟಿಟ್ಟ. “ನಾಕು ದಿನ ಹೋಗಿ ಬರ್ತೇನಿ ಅಣ್ಣಾ” ಎಂದು ಗಫೂರನನ್ನು ಕರೆದುಕೊಂಡು ಹೋದ ಮಾಮಾ ಮತ್ತೆ ಬರಲಿಲ್ಲ.

ಗಲಾಟೆ ತಣ್ಣಗಾದ ಮೇಲೆ ಅಪ್ಪ ಮಾಮಾರ ಕುರಿಗಳಿಗೆ ನೀಲಿ ಗೆರೆಯನ್ನೇ ಎಳೆದ. ಉಣ್ಣೆ ಕತ್ತರಿಸಿದರೆ ಬಣ್ಣವೂ ಹೋಗುತ್ತದೆ, ಪ್ರತಿ ಸಲ ಹೊಸದಾಗಿ ಎಳೆಯಬೇಕು. ಹುಟ್ಟಿದ ಮರಿಗಳಿಗೂ ನೀಲಿಯೇ. “ನಿಮ್ಮ ಹಿಂಡಿನಾಗ ನಿಮ್ಮ ಕುರಿ ಯಾವ್ರಿ?” ಎಂದು ಊರವರು ಕಾಡಿಸುತ್ತಿದ್ದರು.

ಇದನ್ನೆಲ್ಲ ಹುಡುಗರಿಗೆ ಎಲ್ಲಿಂದ ಹೇಳುವುದೆಂದು ತಿಳಿಯದೆ ಪುಸ್ತಕದ ಹಾಳೆ ತಿರುವಿದೆ. ನನಗೆ ಪದವೇ ಬರುವುದಿಲ್ಲವೆಂದು ತಿಳಿದ ಹೆಡ್‌ಮಾಸ್ತರರು “ಸೋಮವಾರ ಓದಿಕೊಂಡು ಬರ್ರಿ” ಎಂದು ಹೊರಟುಹೋದರು.

ಓದುವುದನ್ನು ಬಿಟ್ಟು ರವಿವಾರ ಊರಿಗೆ ಹೋದೆ. ಆಗಷ್ಟೇ ಉಣ್ಣೆ ಕತ್ತರಿಸಿದ್ದರು. ಅಪ್ಪನ ಕಣ್ಣು ಮಂಜಾಗಿದ್ದರಿಂದ ಗೆರೆ ಎಳೆಯುವ ಕೆಲಸ ನನ್ನ ತಲೆಗೆ ಬಂತು. ಒಂದು ಟಗರು ಕೊಸರಿಕೊಂಡು ಬಣ್ಣದ ಬಟ್ಟಲನ್ನೇ ನನ್ನ ಧೋತರದ ಮೇಲೆ ಕೆಡವಿತು. ಬೇಸತ್ತು ಕೇಳಿದೆ: “ಅಪ್ಪಾ, ಅವರು ಬರ್ತಾರಂತೀಯೇನು?”

ಅಪ್ಪ ಟಗರಿನ ಬೆನ್ನಿಗೆ ಕಣ್ಣು ಹತ್ತಿರ ತಂದು ನೋಡಿದ. “ಸೊಟ್ಟ ಆಗ್ಯದಲ್ಲೋ ಮಾಸ್ತರ. ಗಫೂರ್ ಬಂದ್ರ ಗುರ್ತ ಹ್ಯಾಂಗ ಹಿಡೀಬೇಕು? ನೆಟ್ಟಗ ಎಳಿ.”

ಗಫೂರನನ್ನು ಆಗಲೇ ನೋಡಬೇಕೆನಿಸಿತು. ಒರೆಸಿ, ನೆಟ್ಟಗೆ ಎಳೆದೆ.

ನನಗಿದ್ದದ್ದು ಅದೊಂದೇ ಒಳ್ಳೆಯ ಧೋತರ. ಸೋಮವಾರ ಅದನ್ನೇ ಉಟ್ಟು ತರಗತಿಯಲ್ಲಿ ನಿಂತೆ. ಹೆಡ್‌ಮಾಸ್ತರರು ಬಂದು “ಏನ್ರಿ ಮಾಸ್ತರ, ಧೋತರಕ್ಕ ನೀಲಿ?” ಎಂದರು.

“ಚಿಹ್ನೆರಿ ಸರ” ಎಂದೆ.

“ಯಾತರದು?”

“ನಾ ಯಾರ ಹಿಂಡಿನಾವ ಅಂಬೂದರದ್ದುರಿ.”

ಹುಡುಗರು ಗೊಳ್ಳೆಂದು ನಕ್ಕರು. ಮಾಸ್ತರನೇ ತಾನು ಕುರಿಯೆಂದು ಒಪ್ಪಿಕೊಂಡ ಮೇಲೆ ಪಾಪ, ನಗದೆ ಅವರಾದರೂ ಏನು ಮಾಡಿಯಾರು?