ಬಾಗಿಲಿಗೆ ನೇತುಬಿದ್ದ ನೀಲಿ ಕಂಬ

ಇಡೀ ಶಹಾಪುರದಲ್ಲಿ ಯಾರ ಮನೆಯಲ್ಲೂ ಇಲ್ಲದ ಗಿಡ ಸಾಕುತ್ತೇನೆ, ಸಾಕಿ ಮಾಳಿಗೆ ಮುಟ್ಟಿಸುತ್ತೇನೆ ಎಂದು ಗುಮಾಸ್ತ ಹಣಮಂತ್ರಾಯ ಪಣ ತೊಟ್ಟ. ಸುರಪುರದ ಗೆಳೆಯ ಮನ್ಸೂರಅಲಿಯನ್ನು ಕಾಡಿ ಬೇಡಿ, ಅವನು ಮಗುವಿನಂತೆ ಬೆಳೆಸಿದ್ದ ನೀಲಿ ಕಂಬಗಳ್ಳಿಯನ್ನು ಇಸಿದುಕೊಂಡ.

"ನೀರು ಕಮ್ಮಿ ಹಾಕು ದೋಸ್ತ. ಇದು ಸತ್ರ ನನ್ನ ಮಾರಿ ನೋಡಬ್ಯಾಡ!" ಎಂದ ಮನ್ಸೂರಅಲಿ.

ಹಣಮಂತ್ರಾಯ ಬಸ್ಸಿನಿಂದಲೇ ಹೆಂಡತಿಗೆ ಫೋನು ಮಾಡಿದ. "ಸುಮಂಗಲಾ, ಕಳ್ಳಿ ಕರಕೊಂಡು ಬರಾಕತ್ತೇನಿ!"

"ಠಾಣೆಗಿ ಒಪ್ಪಸ್ರಿ. ಮನಿಗ್ಯಾಕ ತರ್ತೀರಿ?"

ಬಂತು ಕಳ್ಳಿ. ಮೊಳಕಾಲು ಮೀರಿದ ನೀಲಿ ಕಂಬ, ಮೈತುಂಬ ಹೊನ್ನಿನ ಮುಳ್ಳು! ಓಣಿಯ ಹೆಂಗಸರೆಲ್ಲ ಬಂದು ನೋಡಿ, ಗಲ್ಲಕ್ಕೆ ಕೈ ಹಚ್ಚಿ ಹೋದರು. ಇಂಥ ಬಿಸಿಲಿನಲ್ಲಿ ತಾನು ಗಟಗಟ ಕುಡಿದು ಅತಿಥಿಯನ್ನು ಒಣಗಿಸುವುದೇ? ಹಣಮಂತ್ರಾಯ ಬೆಳಿಗ್ಗೆ ತಂಬಿಗೆ, ಸಂಜೆ ತಂಬಿಗೆ ನೀರು ಸುರಿದ. ಕಂಬ ಉಬ್ಬಿತು. ಅವನ ಎದೆ ಅದಕ್ಕಿಂತ ಉಬ್ಬಿತು.

ಒಂದು ಸಂಜೆ ಕಚೇರಿಯಿಂದ ಬಂದು ನೋಡುತ್ತಾನೆ, ಕುಂಡದಲ್ಲಿ ನಾಲ್ಕು ಬೆರಳಿನ ಮೋಟು! ಉಳಿದ ಕಂಬ ಲಿಂಬೆಹಣ್ಣು, ಮೆಣಸಿನಕಾಯಿಯ ಜೊತೆ ತಲೆಕೆಳಗಾಗಿ ಬಾಗಿಲಿಗೆ ನೇತಾಡುತ್ತಿದೆ.

"ಯವ್ವಾ, ಏನ ಮಾಡಿದಿ!"

ತಾಯಿ ತಿಮ್ಮವ್ವ ಕುಡಗೋಲು ಒರೆಸುತ್ತಿದ್ದಳು. "ಓಣ್ಯಾನವ್ರೆಲ್ಲ ಕಣ್ಣು ಹಾಕಾಕತ್ತಿದ್ರು. ನಿನಗ ನದರಾದ್ರ? ಕಳ್ಳಿ ತಂದದ್ದು ಬಾಗಲಿಗಿ ಕಟ್ಟಾಕಲ್ಲೇನು ಮತ್ತ?"

ಹಣಮಂತ್ರಾಯನಿಗೆ ಅಳುವೇ ಬಂತು. ಆದರೆ ತನಗಾಗಿ ತಾಯಿ ಕಟ್ಟಿದ್ದನ್ನು ಬಿಚ್ಚಲು ಮನಸ್ಸಾಗಲಿಲ್ಲ. ಮೋಟನ್ನಾದರೂ ಉಳಿಸೋಣವೆಂದು ಇನ್ನೊಂದು ತಂಬಿಗೆ ಹೆಚ್ಚಿಸಿದ. ಮೋಟು ಕೊಳೆತು ಗಂಜಿಯಾಯಿತು.

ಕೆಲವು ವಾರ ಮನ್ಸೂರಅಲಿಯ ಫೋನು ಬಂದರೆ ಎತ್ತಲೇ ಇಲ್ಲ. ಅವನೋ, ಒಂದು ಭಾನುವಾರ ಗಿಡ ನೋಡಲು ಬಂದೇಬಿಟ್ಟ! ಹೊಸ್ತಿಲಲ್ಲಿ ನಿಂತು ಮೊದಲು ಖಾಲಿ ಕುಂಡ ನೋಡಿದ. ಹಣಮಂತ್ರಾಯ ಕಣ್ಣು ಮುಚ್ಚಿಕೊಂಡ.

"ಅರೆ ವಾಹ್! ಬುಡ ಕೊಳೆಯೋದ್ರಾಗ ಮ್ಯಾಲಿನ ತುಂಡು ಕಡದು ಒಣಗಿಸೀಯಲ್ಲ! ಇಷ್ಟು ಅಕಲ್ ನಿನಗೆಲ್ಲಿಂದ ಬಂತು? ನೋಡು, ಬೇರು ಬಿಟ್ಟದ!"

ಎಲ್ಲರೂ ಕತ್ತೆತ್ತಿದರು. ಕಡಿದ ಗಾಯ ಮಾಗಿ, ಅದರ ನಡುವೆ ಬಿಳಿ ಬೇರುಗಳು ಇಣುಕುತ್ತಿದ್ದವು! ಹಣಮಂತ್ರಾಯ ಖುಷಿ ತಡೆಯಲಾರದೆ ತಂಬಿಗೆಗೆ ಕೈಹಾಕಿದ. ಸುಮಂಗಲಾ ಅದನ್ನು ಕಸಿದುಕೊಂಡಳು.

"ಅತ್ತೀ, ಆ ಹಗ್ಗ ಒಗಿಬ್ಯಾಡ್ರಿ. ಗಿಡ ಇಳಿಸಿ ಇವರನ್ನ ಕಟ್ಟೋಣು. ಇವರಿಗೂ ನಾಕು ಬೇರು ಬರ್ಲಿ!"